ಕಲ್ಲು ಹಾಲು ಕುಡಿಯುವುದಿಲ್ಲ

ಮೊಖೊಟ್ಲಾಂಗಿನಿಂದ ಮೇಲೆ, ಕುದುರೆ ಏದುಸಿರು ಬಿಡುವ ಎತ್ತರದಲ್ಲಿ
ನಮ್ಮ ಕ್ಲಿನಿಕ್ಕು: ಎರಡು ಕೋಣೆ, ತಗಡಿನ ಸೂರು,
ತೊಲೆಯಿಂದ ಇಳಿಬಿಟ್ಟ ಸ್ಪ್ರಿಂಗಿನ ತಕ್ಕಡಿ.
ಮಂಗಳವಾರ ಮಕ್ಕಳ ತೂಕ.
ತಾಯಂದಿರು ಕಂಬಳಿ ಬಿಚ್ಚುತ್ತಾರೆ,
ನೀಲಿ ಚಡ್ಡಿಯಲ್ಲಿ ಮಗು ತೂಗಾಡುತ್ತದೆ, ಒದೆಯುತ್ತದೆ,
ಮುಳ್ಳು ನಡುಗಿ ನಡುಗಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ.

ಹತ್ತೊಂಬತ್ತು ವರ್ಷ ಆ ಮುಳ್ಳನ್ನು ನಂಬಿದೆ.
ಮುಳ್ಳು ಏರಿದರೆ ಹೊಗಳಿದೆ, ಇಳಿದರೆ ಬೈದೆ.
ವಿಚಿತ್ರ ನೋಡಿ:
ಹೊಗಳಿಸಿಕೊಂಡವರ ಮಕ್ಕಳು ಮುಂದಿನ ತಿಂಗಳು ಕುಗ್ಗಿ ಬರುತ್ತಿದ್ದವು,
ಬೈಸಿಕೊಂಡವರವು ಹಿಗ್ಗಿ.
ಬೈಗುಳವೇ ಮದ್ದು ಅಂದುಕೊಂಡೆ.
ಬಹಳ ಮೇಲೆ ಹೋದದ್ದು ತಾನಾಗಿ ಕೆಳಗಿಳಿಯುತ್ತದೆ,
ಬಹಳ ಕೆಳಗಿದ್ದದ್ದು ತಾನಾಗಿ ಮೇಲೇಳುತ್ತದೆ,
ನಡುವೆ ನಿಂತು ನಾನು ಸುಮ್ಮನೆ ಗಂಟಲು ಹರಿದುಕೊಂಡೆ
ಎಂದು ಯಾರೂ ಹೇಳಿರಲಿಲ್ಲ.

ಹೇಳಿದವಳು ಮಾಲೆರೆಕೊ.
ಮಗುವಿನ ಹೆಸರು ಹಿಡಿದೇ ತಾಯಿಯನ್ನು ಕರೆಯುವ ನಾಡು ನಮ್ಮದು;
ಲೆರೆಕೊ ಕರಗಿದರೆ ಕರಗುವುದು ಅವಳ ಹೆಸರೇ.
ಜೂನ್ ತಿಂಗಳು, ಬಾಗಿಲಾಚೆ ಹಿಮ.
ಆರು ಕಿಲೋ ನಾನೂರು ಇದ್ದವನು ಆರು ಇನ್ನೂರಕ್ಕೆ ಇಳಿದಿದ್ದ.
ನನ್ನ ಬಾಯಿ ಗೊತ್ತಲ್ಲ.

ಅವಳು ಮಾತಾಡಲಿಲ್ಲ. ಹೊರಗೆ ಹೋದಳು.
ಹೊಳೆಯಿಂದ ಒಂದು ಕಲ್ಲು ತಂದು
ಮಗು ಕೂತ ಚಡ್ಡಿಯಲ್ಲೇ ಕೂರಿಸಿದಳು:
ನಾಲ್ಕು ಕಿಲೋ ನೂರು.
ಮೂಲೆಯಲ್ಲಿ ಕೂತು ಮಗುವಿಗೆ ಹಾಲೂಡಿಸಿದಳು, ಕಲ್ಲಿಗಲ್ಲ.
ಸಂಜೆ ಎಲ್ಲರೂ ಹೋದ ಮೇಲೆ, 'ಇನ್ನೊಮ್ಮೆ ತೂಗಿ' ಅಂದಳು.
ನಾಲ್ಕು ಮುನ್ನೂರು.
'ಇದಕ್ಕೇನು ಕುಡಿಸಿದೆನೋ ಹೇಳಿ ನೋಡೋಣ, ನರ್ಸಮ್ಮ.'

ಕಲ್ಲು ಈಗ ನನ್ನ ಕಿಟಕಿಯಲ್ಲಿದೆ.
ನಲವತ್ತು ಬೆಳಗು ಅದನ್ನು ತೂಗಿದೆ,
ತೂಗಿದಾಗಲೆಲ್ಲ ಗೋಡೆಯ ಮೇಲೆ ಒಂದೊಂದು ಚುಕ್ಕೆ.
ಬಾಗಿಲ ಸಂದಿನ ಗಾಳಿ, ಚಳಿಗೆ ಬಿಗಿದ ಸ್ಪ್ರಿಂಗು,
ತಿರುಚಿದ ಪಟ್ಟಿ, ನನ್ನ ಓರೆಗಣ್ಣು,
ಒಮ್ಮೆ ನಾಲ್ಕೂವರೆ, ಅಂದು ರಾತ್ರಿಯಿಡೀ ಒಂದು ಹೆರಿಗೆ.
ಚುಕ್ಕೆಗಳು ಒಂದರ ಮೇಲೊಂದು ಹತ್ತಿ ಕೂತವು:
ನಡುವೆ ಎತ್ತರ, ಎರಡೂ ಅಂಚಿಗೆ ಇಳಿಜಾರು,
ನಮ್ಮ ಗಂಡಸರು ತಲೆಗಿಡುವ ಹುಲ್ಲುಟೋಪಿಯೇ.
ಆ ಟೋಪಿಯ ನೆರಳಲ್ಲಿ
ಯಾರ ತಪ್ಪೂ ಅಲ್ಲದ ಇನ್ನೂರು ಗ್ರಾಂ
ತಣ್ಣಗೆ ಕೂತಿತ್ತು.

ಹಾಗಂತ ಎಲ್ಲವೂ ಗಾಳಿಯಲ್ಲ.
ಲಿಪಲೇಸಾ ಎಂಬ ಹುಡುಗಿಯ ಕಾರ್ಡು:
ಏಪ್ರಿಲ್ಲಿಗೆ ನೂರು ಕಡಿಮೆ, ಮೇಗೆ ನೂರು,
ಜೂನಿಗೆ ನೂರು, ಜುಲೈಗೆ ಮತ್ತೆ ನೂರು.
ಒಂದೊಂದನ್ನೂ ಟೋಪಿ ಮುಚ್ಚೀತು;
ನಾಲ್ಕೂ ಒಂದೇ ಕಡೆಗೆ ಕಾಲಿಟ್ಟರೆ ಅದು ಮೆಟ್ಟಿಲು.
ಏರುಪೇರಿನಲ್ಲಿ ಏರೂ ಇರಬೇಕು, ಪೇರೂ ಇರಬೇಕು.
ಬೈಯಲಿಲ್ಲ. ಕುದುರೆಗೆ ಜೀನು ಹಾಕಿಸಿ
ಹಿಮದಲ್ಲೇ ಕೆಳಗಿನ ಆಸ್ಪತ್ರೆಗೆ ಕಳಿಸಿದೆ.
ಸೆಪ್ಟೆಂಬರಿನಲ್ಲಿ ಬಂದು ನನ್ನ ಕಿವಿಯೋಲೆ ಎಳೆದಳು.

ಈಗ ಎರಡು ಸಲ ತೂಗುತ್ತೇನೆ, ಮುಳ್ಳು ನಿಲ್ಲುವವರೆಗೆ ಕಾಯುತ್ತೇನೆ.
'ಎಷ್ಟು?' ಎಂದರೆ 'ಹೆಚ್ಚುಕಡಿಮೆ ಆರೂವರೆ' ಎನ್ನುತ್ತೇನೆ.
ಆ ಹೆಚ್ಚು, ಆ ಕಡಿಮೆ
ಎರಡನ್ನೂ ಬಾಯಿಬಿಟ್ಟು ಹೇಳಲು
ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ಹಳೆಯ ಪೆಟ್ಟಿಗೆಯಲ್ಲಿ ಒಂದು ಕಾರ್ಡಿದೆ.
ನಾನು ಬೈದ ದಿನ ಎದ್ದುಹೋದ ತಾಯಿ, ಮತ್ತೆ ಬರಲಿಲ್ಲ.
ಅದರಲ್ಲಿ ಒಂದೇ ಒಂದು ಚುಕ್ಕೆ.
ಆಗಾಗ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ.
ಒಂದು ಚುಕ್ಕೆಯಿಂದ
ಏನನ್ನೂ ಹೇಳಲಾಗುವುದಿಲ್ಲ.