ಉಸಿರು ಬಿಡು

ಸೋಡೋ ಊರಿನ ನರ್ಸಿಂಗ್ ಶಾಲೆ, ಎರಡನೇ ವರ್ಷ.
ಇಪ್ಪತ್ತಮೂರು ಮಕ್ಕಳು, ಇಪ್ಪತ್ತಮೂರು ಪ್ಲಾಸ್ಟಿಕ್ ಬೋಗುಣಿ,
ಉಗುರುಬೆಚ್ಚಗಿನ ನೀರು, ತುಂಡು ಸೋಪು,
ಗೋಡೆಗೆ ತಾಗಿಸಿದ ಬೆಂಚು, ಬೆಂಚಿನ ಕೆಳಗೆ ಕಾಲುಗಳು.

ನೋಡಿ, ಕಾಲುಗಳು ಅಂತಲೇ ಬರೆದುಬಿಟ್ಟೆ.
ಮೂವತ್ತು ವರ್ಷ ಪಾಠ ಹೇಳಿದ ಮೇಲೂ
ಕಣ್ಣು ಮೊದಲು ಹೋಗುವುದು ಅಲ್ಲಿಗೇ.
ಕೂತಿರುವವರು ಜನ.
ಮಾಮಿತೆ, ಶನಿವಾರದ ಸಂತೆಯಲ್ಲಿ ಶುಂಠಿ ಮಾರುವವಳು.
ದಾನಾ, ಯಾರದೋ ಜೋಳದ ಹೊಲ ಕಾಯುವವನು.
ಹೆಸರು ಹೇಳಲೊಲ್ಲದ ಒಬ್ಬ ಹುಡುಗಿ;
ತಂಗಿಯ ಮದುವೆ ಮುಗಿಯುವ ತನಕ
ಊರಲ್ಲಿ ಕಾಣಿಸಬೇಡ ಅಂದಿದ್ದಾರಂತೆ ಮನೆಯವರು.

ಇದು ಸೊಳ್ಳೆಯಿಂದಲ್ಲ, ಶಾಪದಿಂದಲ್ಲ,
ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ,
ದಾಮೋತಾ ಬೆಟ್ಟದ ಕೆಂಪು ಮಣ್ಣು, ಬರಿಗಾಲು,
ಹಾಗೇ ನಡೆದ ಬಹಳ ವರ್ಷ.
ಇಷ್ಟು ನಿಮ್ಮ ನೋಟ್ಸಿನಲ್ಲಿದೆ, ಎಲ್ಲರೂ ಸರಿಯಾಗಿ ಬರೆಯುತ್ತೀರಿ.
ನಾನೂ ಬರೆದಿದ್ದೆ. ಹತ್ತಕ್ಕೆ ಹತ್ತು.

ಆಮೇಲೆ ವಾರ್ಡಿಗೆ ಕಳಿಸಿದರು.
ಎರಡು ಜೊತೆ ಗ್ಲವ್ಸ್ ಹಾಕಿಕೊಂಡೆ, ಒಂದರ ಮೇಲೊಂದು.
ಮೂಗಿಗೆ ಬಟ್ಟೆ, ಬಟ್ಟೆಯೊಳಗೆ ನಿಂಬೆಸಿಪ್ಪೆ.
ಉಸಿರು ಕಟ್ಟಿ ನಲವತ್ತರ ತನಕ ಎಣಿಸುವುದು,
ಕಿಟಕಿಗೆ ಹೋಗಿ ಬಿಡುವುದು,
ಏನನ್ನೋ ಮರೆತವಳ ಹಾಗೆ ತಿರುಗಿ ಬರುವುದು.
ಮೂರನೇ ಸಲ ಬಂದು ಕೂತಾಗ
ಬೋಗುಣಿಯಲ್ಲಿ ಕಾಲಿಟ್ಟಿದ್ದ ಶಾಶಿತು ಮುದುಕಿ ಅಂದಳು:
"ಉಸಿರು ಬಿಡೇ ಮಗಳೇ, ಸತ್ತುಗಿತ್ತು ಹೋದೀಯ.
ಹೂಳುವ ಸಂಘದವರು ನನ್ನನ್ನು ಸೇರಿಸಿಕೊಂಡಿಲ್ಲ,
ನಿನ್ನ ಮಣ್ಣಿಗೆ ಬರುವುದಕ್ಕೂ ನನಗಾಗದು."

ಇಡೀ ವಾರ್ಡು ನಕ್ಕಿತು.
ನಾನು ನಗಲಿಲ್ಲ. ನಗುವುದಕ್ಕೂ ಉಸಿರು ಬೇಕು.

ಬಿಟ್ಟೆ. ಎಳೆದುಕೊಂಡೆ.
ವಾಸನೆ ಇತ್ತು. ಇರುವುದಿಲ್ಲ ಎನ್ನುವ ಟೀಚರನ್ನು ನಂಬಬೇಡಿ.
ಅವ್ವ ಎನ್ಸೆಟ್ ಹಿಟ್ಟು ಹುದುಗಿಟ್ಟ ಗುಂಡಿಯ
ಎಲೆ ಸರಿಸಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ.
ಅದನ್ನು ದಿನವೂ ಸುಟ್ಟು ತಿಂದು ಬೆಳೆದವಳು ನಾನು.

ಬೆರಳ ಸಂದಿ ಸಂದಿ ತೊಳೆಯುತ್ತ ಕೇಳಿದೆ.
ನೆರೆಮನೆಯಲ್ಲಿ ಕಾಫಿಗೆ ಕರೆಯುತ್ತಿದ್ದರಂತೆ, ಇಲ್ಲವೆನ್ನಲಾರಳು,
ಅವಳಿಗೆಂದೇ ಒಂದು ಕಪ್ಪಿತ್ತು,
ಬಾಗಿಲ ಹೊರಗೆ, ಬೇಲಿಗೂಟದ ಮೇಲೆ, ಬೋರಲು.
ಕೈ ನಿಂತಿತು.
ನಮ್ಮ ಬೇಲಿಯ ಮೇಲೂ ಒಂದಿತ್ತು.
ಸಣ್ಣವಳಿದ್ದಾಗ ಮನೆಯ ಕಪ್ಪೆಲ್ಲ ತೊಳೆಯುತ್ತಿದ್ದವಳು ನಾನೇ,
ಅದೊಂದನ್ನು ಬಿಟ್ಟು.
ಯಾರದು ಅಂತ ಒಂದು ದಿನವೂ ಕೇಳಿರಲಿಲ್ಲ.

ಶಾಶಿತುವಿಗೆ ಇದನ್ನು ಹೇಳಲಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ನನ್ನ ಕೈಯಲ್ಲೊಂದು ನಮೂನೆಯಿದೆ, ಇಲಾಖೆಯದು:
ನೀರಿನ ಹದ, ಒರೆಸುವ ಕ್ರಮ, ಪಟ್ಟಿಯ ಬಿಗಿ,
ಕೊನೆಯಲ್ಲಿ 'ಮನೋಭಾವ, ಐದು ಅಂಕ'.
ಹೇಗೆ ಹಾಕುವುದು? ನಗಲು ಎಲ್ಲರೂ ಕಲಿತುಬಿಟ್ಟಿದ್ದಾರೆ.
ಅಮ್ಮಾ ಅನ್ನುತ್ತಾರೆ, ಮೃದುವಾಗಿ ಮುಟ್ಟುತ್ತಾರೆ.
ಅದಕ್ಕೇ ನಾನು ಕೈ ನೋಡುವುದಿಲ್ಲ, ಮುಖ ನೋಡುವುದಿಲ್ಲ.

ಎಯೋಬ್, ಕೊನೆಯ ಸಾಲಿನ ಉದ್ದ ಹುಡುಗ,
ಮಾಮಿತೆಯ ಮುಂದೆ ಮೊಣಕಾಲೂರಿದ್ದಾನೆ.
ಸೋಪು ನೊರೆ ಬಂದಿದೆ, ನಗು ಪಾಠದ ಪ್ರಕಾರ ಇದೆ.
ಅವನ ಎದೆಯನ್ನೇ ನೋಡುತ್ತಿದ್ದೇನೆ,
ಬಿಳಿ ಕೋಟಿನ ಎರಡನೇ ಗುಂಡಿ ಅಲುಗುತ್ತದೋ ಎಂದು.
ಮೂವತ್ತೊಂದು. ಮೂವತ್ತೆರಡು.
ಮಾಮಿತೆಯೂ ಅಲ್ಲಿಯೇ ನೋಡುತ್ತಿದ್ದಾಳೆ.
ಸೆರಗು ಬಾಯಿಗಿಟ್ಟು ಮುಸಿಮುಸಿ ನಕ್ಕಳು, ಸೆರಗು ತೆಗೆದಳು,
ಏನೋ ಹೇಳಲು ಅವನತ್ತ ಬಗ್ಗಿದಳು.