ಹನ್ನೊಂದು ಸೆಕೆಂಡು

ನಮ್ಮ ಸ್ಟೇಷನ್ನು ಮೊದಲು ಬೆಣ್ಣೆ ಕಾರ್ಖಾನೆ.
ಈಗಲೂ ಬೇಸಿಗೆಯಲ್ಲಿ ಸ್ಟುಡಿಯೋ ಗೋಡೆ
ಹುಳಿಮಜ್ಜಿಗೆಯ ವಾಸನೆ ಬೆವರುತ್ತದೆ.
ಮಿನ್ನೆಸೋಟದ ಬಡಗಣ ಅಂಚು.
ನಕ್ಷೆಯಲ್ಲಿ ನಮ್ಮ ತಲೆಯ ಮೇಲಿರುವುದು
ಕೆನಡಾ, ಆಮೇಲೆ ಬರೀ ನೀಲಿ ಶಾಯಿ.

ಟವರಿರುವುದು ಊರಾಚೆ,
ಗಣಿಯವರು ಅಗೆದು ಸುರಿದ ಕೆಂಪು ಗುಡ್ಡದ ನೆತ್ತಿಯಲ್ಲಿ.
ಮಂಜು ಹೆಪ್ಪುಗಟ್ಟಿದ ದಿನ ಓರಿನ್ ಸ್ಟಾಡ್
ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿ ಹತ್ತುತ್ತಾನೆ.
ಅರವತ್ಮೂರು ವಯಸ್ಸು, ಮೊಣಕಾಲು ಕಟಕಟ.
ಅವನು ಹತ್ತದಿದ್ದರೆ ನಾಲ್ಕು ಕೌಂಟಿಗಳಲ್ಲಿ
ನಾಳೆ ಶಾಲೆ ಉಂಟೋ ಇಲ್ಲವೋ
ಯಾವ ಮಗುವಿಗೂ ತಿಳಿಯುವುದಿಲ್ಲ.

ನನ್ನದು ರಾತ್ರಿ ಪಾಳಿ.
ಎಂಟು ಪರದೆ, ಒಂದು ಫೋನು,
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಈ ಹೊತ್ತಲ್ಲಿ ನಮ್ಮನ್ನು ನೋಡುವವರು ಯಾರು?
ಹಾಲೂಡಿಸುವ ತಾಯಂದಿರು,
ಹಸು ಕರು ಹಾಕುವುದನ್ನು ಕಾಯುತ್ತಿರುವವರು,
ನಿದ್ದೆ ಮುನಿಸಿಕೊಂಡವರು.
ತಲೆ ಎಣಿಸುವ ಕಂಪನಿಯವರು ನಮ್ಮ ಹೆಸರಿನ ಮುಂದೆ
ಪ್ರತಿ ವರ್ಷ ಒಂದು ನಕ್ಷತ್ರ ಹಾಕಿ ಬಿಡುತ್ತಾರೆ:
ಅಳತೆಗೆ ಸಿಗದಷ್ಟು.

ವಂತಿಗೆಯ ವಾರ ಒಂದು ಲಕೋಟೆ ಬಂತು.
ಹತ್ತು ಡಾಲರಿನ ನೋಟು, ಮಡಿಚಿ ಮಡಿಚಿ
ಹಳೇ ಬಟ್ಟೆಯಷ್ಟು ಮೆತ್ತಗಾದದ್ದು.
ಜೊತೆಗೆ ಪೆನ್ಸಿಲ್ಲಿನ ಅಕ್ಷರ:
'ನಿಮ್ಮ ಚೀಲ ಬೇಡ, ಕಾಫಿ ಮಗ್ಗೂ ಬೇಡ.
ಎಂಬತ್ತೇಳರ ಮಾರ್ಚಿನಲ್ಲಿ
ಫಿನ್ನರ ಸಭಾಭವನದ ಕುಣಿತ ತೋರಿಸಿದ್ದಿರಿ.
ನನ್ನ ತಂಗಿ ಲೆಂಪಿ ಕೆಟಲು ಹಿಡಿದು
ಅಕಾರ್ಡಿಯನ್ನಿನವನ ಹಿಂದೆ ಹಾದುಹೋಗುತ್ತಾಳೆ.
ನಾಲ್ಕು ಹೆಜ್ಜೆ ಇರಬಹುದು.
ಅವಳು ನಡೆದಾಡುವ ಬೇರೆ ಚಿತ್ರ ನಮ್ಮಲ್ಲಿಲ್ಲ.
ಐಲಿ ರೌತಿಯೊ, ಮೂರನೇ ಕೆರೆ ರಸ್ತೆ.'

ನೆಲಮಾಳಿಗೆಗೆ ಇಳಿದೆ,
ಬೆಣ್ಣೆಯನ್ನು ತಣ್ಣಗಿಡುತ್ತಿದ್ದ ಜಾಗ ಈಗ ಟೇಪುಗಳದ್ದು.
ಎಂಬತ್ತೇಳು, ಮಾರ್ಚ್. ಸಿಕ್ಕಿತು.
ಚೀಟಿಯ ಮೇಲೊಂದು ಚೀಟಿ. ಉಗುರಲ್ಲಿ ಕೆರೆದೆ.
ಆಗ ಹೊಸ ಟೇಪಿಗೆ ದುಡ್ಡೆಲ್ಲಿತ್ತು,
ಒಂದು ಸ್ಲೇಟಿನಲ್ಲಿ ಆರು ಮಕ್ಕಳು ಬರೆದ ಹಾಗೆ
ಅಳಿಸುವುದು, ಬರೆಯುವುದು.
ಕುಣಿತದ ಮೇಲೆ ಕೂತಿತ್ತು ಕೌಂಟಿ ಮಂಡಳಿಯ ಸಭೆ:
ಜಲ್ಲಿ ರಸ್ತೆ, ಜಲ್ಲಿಯ ದರ,
ಜಲ್ಲಿ ಎಲ್ಲಿಂದ ತರಬೇಕು.

ಪೂರ್ತಿ ನೋಡಿದೆ, ಐವತ್ತೆಂಟು ನಿಮಿಷ.
ಒಬ್ಬ ಸದಸ್ಯ ನಿದ್ದೆ ಹೋದ,
ಎದ್ದ, 'ಸಮ್ಮತ' ಎಂದ, ಮತ್ತೆ ಹೋದ.
ಅಧ್ಯಕ್ಷ ಮರದ ಸುತ್ತಿಗೆ ಬಡಿದ.
ಪರದೆಗೆಲ್ಲ ಇರುವೆ ಮುತ್ತಿತು.
ನಿಲ್ಲಿಸಲು ಬೆರಳು ಚಾಚಿದ್ದೆ,
ಆಗ ಗೊತ್ತಾಯಿತು:
ಸಭೆ ಕುಣಿತಕ್ಕಿಂತ ಗಿಡ್ಡ!
ಅಳಿಸದೆ ಉಳಿದಿತ್ತು ಒಂದು ಬಾಲ.

ಅಕಾರ್ಡಿಯನ್ನು ಉಸಿರು ಮಡಿಚಿಡುತ್ತಿದೆ.
ಬೂಟು ಉಜ್ಜಿದ ನೆಲ. ಯಾರದೋ ಅರ್ಧ ನಗು.
ಖಾಲಿ ಕುರ್ಚಿಯ ಬೆನ್ನಿಗೆ ಹಸಿರು ಸ್ವೆಟರು.
ಎಡಗಡೆಯಿಂದ ಒಂದು ಬಲಗೈ, ಮೊಣಕೈ ತನಕ ಮಾತ್ರ,
ಕೈಯಲ್ಲಿ ನೀಲಿ ಕೆಟಲು. ಹಬೆ.
ಅಷ್ಟೆ.

ರಾತ್ರಿ ಎರಡೂ ಹದಿನಾಲ್ಕಕ್ಕೆ,
ಬಾತುಕೋಳಿಗಳ ವಲಸೆ ಮುಗಿದು
ಹವಾಮಾನ ಶುರುವಾಗುವ ಮುಂಚಿನ ಸಂದಿಯಲ್ಲಿ ಹಾಕಿದೆ.
ಯಾರನ್ನೂ ಕೇಳಲಿಲ್ಲ. ಐಲಿಗೆ ಮಾತ್ರ ಮೊದಲೇ ಹೇಳಿದ್ದೆ,
ಎಚ್ಚರವಿರಿ ಅಂತ.
'ನಾನು ಮಲಗಿದ್ದು ಯಾವಾಗ' ಅಂದಿದ್ದಳು.

ಎರಡೂ ಹದಿನಾರಕ್ಕೆ ಫೋನು.
'ಅದು ಲೆಂಪಿಯ ಕೈ ಅಲ್ಲ. ಲೆಂಪಿ ಎಡಚಿ.
ಅದು ಸೈಮಾಳದು. ವಾಚು ನೋಡು, ಅವಳದೇ ಜಂಬ.'
ಕ್ಷಮಿಸಿ, ಎಂದೆ.
ಆ ಕಡೆ ಸೌದೆ ಒಲೆಯ ಬಾಗಿಲು ತೆಗೆದು ಮುಚ್ಚಿದ ಸದ್ದು.
'ಕೆಟಲು ಮಾತ್ರ ನಮ್ಮದು.
ಮೂತಿ ಹತ್ತಿರ ಬಣ್ಣ ಎದ್ದಿದೆಯಲ್ಲ,
ಲೆಂಪಿ ಬೀಳಿಸಿದ್ದು, ನಾನು ಬೈದಿದ್ದೆ.
ಈಗಲೂ ಇಲ್ಲೇ ಕುದೀತಾ ಇದೆ.
ಇನ್ನೊಂದು ಸಲ ಹಾಕ್ತೀಯಾ?'

ಹಾಕಿದೆ.
ಹಾಕಿದ್ದೇ ತಡ, ಎರಡನೇ ಲೈನು ಮಿನುಗಿತು.
ಯಾವುದೋ ಕೊಟ್ಟಿಗೆಯಿಂದ, ಹಿಂದೆ ಹಸು ಮುಕ್ಕರಿಸುತ್ತಿತ್ತು,
ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು:
'ಆ ಕುರ್ಚಿ, ಅದರ ಮೇಲಿನ ಹಸಿರು ಸ್ವೆಟರು...
ಸ್ವಲ್ಪ ನಿಲ್ಲಿಸಿ ತೋರಿಸ್ತೀರಾ?'