ನಡುಹಾಳೆ

ಕಲಬುರಗಿ ಗಂಜಿನ ನವಜೀವನ ಅಡತ್ ಅಂಗಡಿಯಲ್ಲಿ
ವಹಿ ಒಂದೇ, ಬರೆಯುವವರು ಇಬ್ಬರು.
ಎಡಗಡೆಯಿಂದ ಗುಮಾಸ್ತ ಚನ್ನವೀರಪ್ಪ:
ಒಳಗೆ ಬಂದ ತೊಗರಿ ಚೀಲ, ಕನ್ನಡದಲ್ಲಿ.
ಬಲಗಡೆಯಿಂದ ಮುನ್ಷಿ ಅಬ್ದುಲ್ ಜಬ್ಬಾರ್:
ಹೊರಗೆ ಹೋದ ಚೀಲ, ಉರ್ದುವಿನಲ್ಲಿ.
ಚೀಲಕ್ಕೊಂದು ಸಾಲು. ಕೂಡಿಸುವ ಮಾತೇ ಇಲ್ಲ.
ಒಬ್ಬರ ಮೊದಲ ಹಾಳೆ ಇನ್ನೊಬ್ಬರ ಕಡೆಯ ಹಾಳೆ.
ಇವರ ಲಿಪಿ ಅವರಿಗೆ ಬಾರದು, ಅವರದು ಇವರಿಗೆ.
ಇಬ್ಬರಿಗೂ ಬರುತ್ತಿದ್ದದ್ದು ಕೆಮ್ಮು,
ಗೋಣಿಯ ಧೂಳಿಗೆ, ಸಂಜೆಯ ಹೊತ್ತಿಗೆ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ.
ಅವತ್ತು ನಾನು ಹಲಗೆಯ ಮೇಲೆ ಬರೆದದ್ದು ಇಷ್ಟು:
ಅ ಅ ಅ ಬ ಬ ಬ.
ಒಂದೇ ಕಣ್ಣಿನ ಯಂತ್ರ ಎಡದಿಂದ ಓದುತ್ತ ಹೊರಟರೆ
ಬ ಬರುವ ಹೊತ್ತಿಗೆ ಎಷ್ಟು ಅ ದಾಟಿದೆನೆಂದು ಮರೆತಿರುತ್ತದೆ.
ಅದರ ತಲೆಯಲ್ಲಿ ಕೋಣೆಗಳು ಎಣಿಕೆಯಷ್ಟೇ,
ಅಗಳಿಗೆ ಎಣಿಕೆ ಎಲ್ಲಿ?

'ಮತ್ತ ಸರಿ ಅದಾವೋ ಇಲ್ಲೋ ಹ್ಯಾಂಗ ತಿಳೀಬೇಕ್ರೀ ಮೇಡಂ?'
ಹಿಂದಿನ ಬೆಂಚಿನ ಭೀಮಾಶಂಕರ.
ಕರೆದೆ. ಎಡತುದಿಗೆ ಅವನು,
ಬಲತುದಿಗೆ ಉರ್ದು ಶಾಲೆಯಲ್ಲಿ ಕಲಿತ ನಿಶಾತ್.
ಅವನೊಂದು ಅ ಒರೆಸಿದ, ಅವಳೊಂದು ಬ.
ಮತ್ತೊಂದು, ಮತ್ತೊಂದು.
ನಡುವೆ ಎರಡು ಡಸ್ಟರು ಡಿಕ್ಕಿ ಹೊಡೆದು
ಕ್ಲಾಸೆಲ್ಲ ನಕ್ಕಿತು. ಹಲಗೆ ಖಾಲಿ.
'ಎಣಸಬ್ಯಾಡೋ,' ಅಂದೆ, 'ಆ ತುದಿಗೆ ಒಬ್ಬರು ನಿಂತಿದ್ರ ಸಾಕು.
ಆದ್ರ ಹಿಂದಕ್ಕ ಹೊಳ್ಳಂಗಿಲ್ಲ. ಭೇಟಿ ಆದಲ್ಲಿ ಮುಗೀತು.'

ಮರುವಾರ ನಿಶಾತ್ ಕೆಂಪು ಅರಿವೆಯ ವಹಿ ತಂದಳು.
ಜಬ್ಬಾರ್ ಅವಳ ದಾದಾ. ಅಂಗಡಿ ಮುಚ್ಚಿದಾಗ ರದ್ದಿಯಿಂದ ಉಳಿಸಿದ್ದು.
'ಎರಡೂ ಕಡಿಂದ ತೆರೀತದ್ರೀ.'
ಸ್ಟಾಫ್ ರೂಮಿನ ಮೇಜಿನ ಆಚೆ ಅವಳು, ಈಚೆ ನಾನು.
ನಾನು: ಒಂದು ಚೀಲ, ಆಳಂದ.
ಅವಳು: ಏಕ್ ಬೋರಿ, ಶೋಲಾಪುರ.
ಒಂದು ಚೀಲ, ಚಿತ್ತಾಪುರ. ಏಕ್ ಬೋರಿ, ಲಾತೂರ.
ಚಹಾ ಆರಿತು. ಬೆರಳು ಕಪ್ಪಾದವು.
ನಾಲ್ಕು ದಿನ ಹಿಡಿಯಿತು ನಡುಹಾಳೆ ಮುಟ್ಟಲು.

ನಡುಹಾಳೆಯಲ್ಲಿ ಒಂದೇ ಸಾಲು, ನನ್ನ ಕಡೆಯದು:
ಒಂದು ಚೀಲ, ಜೇವರ್ಗಿ. ಬಂತು.
ನಿಶಾತ್ ಸುಮ್ಮನಿದ್ದಳು. ಅವಳ ಬಳಿ ಸಾಲು ತೀರಿತ್ತು.

ಯಂತ್ರವಾದರೆ ಇಲ್ಲಿ ಒಪ್ಪುವುದಿಲ್ಲ.
ಕೆಳಗೆ ಎರಡು ಲಿಪಿಯಲ್ಲಿ ಎರಡು ಸಹಿ,
ಮೇಲೆ ಸಾವುಕಾರನ ನೀಲಿ ಮುದ್ರೆ, ಸೊಟ್ಟಗೆ.
ತಾರೀಖು ನೋಡಿದೆ. ಇನ್ನೊಮ್ಮೆ ನೋಡಿದೆ.
ಅದೇ ವಾರ ಥಪ್ಪಿ ಜಾರಿ ಬಿದ್ದು
ಹಮಾಲ ರೇವಣಪ್ಪನ ಬೆನ್ನು ಮುರಿದಿತ್ತು.
ರೇವಣಪ್ಪ ನಮ್ಮಪ್ಪ.

ಆ ವರ್ಷ ನಮ್ಮನೆಯ ಬೀಸುಕಲ್ಲು ನಿಂತದ್ದೇ ನೆನಪಿಲ್ಲ.
ಬ್ಯಾಳಿ ಎಲ್ಲೀದವ್ವ ಎಂದರೆ
'ಗಂಜಿನವ್ರು ಎಣಸೂದ್ರಾಗ ತಪ್ಪ್ಯಾರ' ಎಂದು
ಕಲ್ಲಿಗೆ ಇನ್ನೊಂದು ಹಿಡಿ ಹಾಕುತ್ತಿದ್ದಳು.
ಅದೇ ಚೀಲವೋ ಏನೋ. ವಹಿ ಹೇಳುವುದಿಲ್ಲ.

ಬಸ್ ಸ್ಟ್ಯಾಂಡಿಗೆ ಹೋಗುವಾಗ ಗಂಜಿನ ಮುಂದೆ ನಿಂತೆವು.
ಷಟರಿಗೆ ತುಕ್ಕು. ಬೋರ್ಡು ಮಾತ್ರ ಇದೆ.
ನಿಶಾತ್ ಅಭ್ಯಾಸಬಲದಿಂದ ಬಲದಿಂದ ಓದಿದಳು: ನ, ವ.
ನಾನು ಎಡದಿಂದ: ನ, ವ.
ನಡುವೆ ಜೀ. ಅದಕ್ಕೆ ಜೋಡಿ ಇಲ್ಲ.
'ನಮ್ಮ ಮನ್ಯಾಗ ಜೀ ಅಂದ್ರ ಹೌದು ಅಂತ್ರೀ,' ಅಂದಳು.
ಅಷ್ಟರಲ್ಲಿ ಅವಳ ಬಸ್ಸು ಬಂತು.

ಕಿರುಪರೀಕ್ಷೆ, ಮೂರನೆಯ ಪ್ರಶ್ನೆ, ಐದು ಅಂಕ:
ಅ ಅ ಅ ಅ ಬ ಬ ಬ. ಯಂತ್ರ ಒಪ್ಪುತ್ತದೆಯೇ?
ಇಲ್ಲ ಎಂದವರಿಗೆಲ್ಲ ಪೂರ್ತಿ ಕೊಟ್ಟೆ.
ನಿಶಾತಳೂ ಇಲ್ಲ ಎಂದೇ ಬರೆದಿದ್ದಳು,
ಕಾರಣ ಸಮೇತ, ಚಿತ್ರ ಸಮೇತ.
ಕೆಳಗೆ ಬಲ ಅಂಚಿಗೆ ಪೆನ್ಸಿಲಿನಲ್ಲಿ
ಉರ್ದುವಿನ ಒಂದು ಪುಟ್ಟ ಮಾತು.
ನನಗೆ ಆ ಲಿಪಿ ಬಾರದು.
ಅದಕ್ಕೂ ಒಂದು ಟಿಕ್ ಹಾಕಿದೆ.